ಹಾಲು ಬಿಟ್ಟ ಮರಿ, ಶೇಂಗಾ ಹಿಂಡಿ ಮತ್ತು ವರವು ಕಾವಲು
(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಈ ಸೀಮೆಯಲ್ಲಿ ದತ್ತಿ ಉಪನ್ಯಾಸಕ್ಕೆ ವಿಷಯದ ಬರವಿಲ್ಲ. ಮೊಳಕಾಲ್ಮುರಿನ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಬ್ರಹ್ಮಗಿರಿಯಲ್ಲೇ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದು, ಶಾಸನಕ್ಕೂ ಬಹಳ ಹಿಂದಿನ ನವಶಿಲಾಯುಗದ ಜನರ ನೆಲೆಯನ್ನು ತೋರಿಸಿದರು. ಅವರೂ ದನ ಕುರಿ ಸಾಕಿದವರೇ. ಇಷ್ಟೆಲ್ಲ ಇದ್ದೂ ನಾನು ಆರಿಸಿಕೊಂಡಿರುವುದು ಮೂರು ತಿಂಗಳ ಕುರಿಮರಿಯನ್ನು. ವಿಷಯ ಚಳ್ಳಕೆರೆ ತಾಲ್ಲೂಕಿನದಾಗಿರಬೇಕು, ಕೇಳಿದವರಿಗೆ ಮಾರನೆಯ ದಿನ ಉಪಯೋಗಕ್ಕೆ ಬರಬೇಕು ಎಂದು ದತ್ತಿಯ ಷರತ್ತಿನಲ್ಲೇ ಇದೆ. ಅದನ್ನು ಅಕ್ಷರಶಃ ಪಾಲಿಸುತ್ತಿದ್ದೇನೆ.

ಬೇಸಿಗೆಯ ಹೊತ್ತಿಗೆ ನಾಯಕನಹಟ್ಟಿಯಿಂದ ಕುದಾಪುರದ ಕಡೆ ಹೋಗುವ ದಾರಿಯಲ್ಲಿ ಯಾವ ಹಟ್ಟಿಗೆ ನುಗ್ಗಿದರೂ ಒಂದು ಬಗೆಯ ಮರಿ ಕಣ್ಣಿಗೆ ಬೀಳುತ್ತದೆ. ಹೊಟ್ಟೆ ಡೊಳ್ಳು, ಬೆನ್ನುಹುರಿಯ ಮೂಳೆ ಕೈಗೆ ಸಿಗುತ್ತದೆ, ಉಣ್ಣೆ ಒರಟು, ಕಣ್ಣಿನ ಒಳರೆಪ್ಪೆ ಬಿಳಿಚು. "ಹೊಟ್ಟೆ ತುಂಬ ಮೇಯ್ತದೆ ಸಾ, ಮೈಯಾಗೆ ಹತ್ತಲ್ಲ" ಎನ್ನುತ್ತಾರೆ. ಆ ಮಾತಿನ ಎರಡು ಭಾಗವೂ ನಿಜ. ಅದು ಮೇಯುತ್ತದೆ, ಹೊಟ್ಟೆಯೂ ತುಂಬಿದೆ. ತುಂಬಿದ್ದು ಕರಗುತ್ತಿಲ್ಲ, ಅಷ್ಟೇ. ಕರಗಿಸಲು ಬೇಕಾದಷ್ಟು ಸಾರಜನಕ ಆ ಒಣ ಹುಲ್ಲಿನ ಪ್ರೋಟೀನಿನಲ್ಲಿ ಸಿಗುತ್ತಿಲ್ಲ. ಈ ಡೊಳ್ಳು ಹೊಟ್ಟೆಯನ್ನು ನಾವು ಜಂತುಹುಳು ಎಂದು ಮಾತ್ರ ಓದುತ್ತೇವೆ, ಔಷಧಿ ಕುಡಿಸುತ್ತೇವೆ. ಜಂತುವೂ ಇರುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲ ಕಾಯಿಲೆ ಪ್ರೋಟೀನ್ ಕೊರತೆ.

ಮರಿ ಹುಟ್ಟಿದಾಗ ಅದಕ್ಕೆ ನಾಲ್ಕು ಹೊಟ್ಟೆ ಇದ್ದರೂ ಕೆಲಸ ಮಾಡುವುದು ಒಂದೇ, ನಾಲ್ಕನೆಯದು. ಮೊಲೆ ಚೀಪಿದಾಗ ಅನ್ನನಾಳದ ತುದಿಯಲ್ಲಿ ಒಂದು ಮಡಿಕೆ ಮುಚ್ಚಿಕೊಂಡು ಕಾಲುವೆಯಾಗುತ್ತದೆ. ಹಾಲು ದೊಡ್ಡ ಹೊಟ್ಟೆಯನ್ನು ಮುಟ್ಟದೆ ನೇರ ನಾಲ್ಕನೆಯದಕ್ಕೆ ಇಳಿಯುತ್ತದೆ. ಕುರಿಯ ಹಾಲಿನಲ್ಲಿ ನೂರಕ್ಕೆ ಐದರಿಂದ ಆರು ಪಾಲು ಪ್ರೋಟೀನ್. ಹಸುವಿನ ಹಾಲಿನಲ್ಲಿರುವುದು ಮೂರರ ಆಸುಪಾಸು. ಹೀಗಾಗಿ ಮೊದಲ ಕೆಲವು ವಾರ ಮರಿ ಕಣ್ಣೆದುರೇ ಬೆಳೆಯುತ್ತದೆ. ಎರಡು ವಾರಕ್ಕೆ ಅದು ಸೊಪ್ಪು ಕಚ್ಚಲು ಶುರುಮಾಡುತ್ತದೆ. ರೊಪ್ಪದಲ್ಲಿ ಬೇವಿನದೋ ಜಾಲಿಯದೋ ಕೊಂಬೆ ಕಟ್ಟಿ ಇಳಿಬಿಡುವ ಪದ್ಧತಿ ಇದಕ್ಕೇ ಬಂದದ್ದು. ಅಲ್ಲಿಂದ ರೂಮೆನ್ ಎಂಬ ದೊಡ್ಡ ಹೊಟ್ಟೆ ಹಿಗ್ಗುತ್ತ ಹೋಗುತ್ತದೆ. ಅದರೊಳಗೆ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಮನೆಮಾಡುತ್ತವೆ. ಇನ್ನು ಮುಂದೆ ಕುರಿ ತಿನ್ನುವುದು ಹುಲ್ಲನ್ನಲ್ಲ ಎಂದೇ ಹೇಳಬಹುದು. ಹುಲ್ಲು ತಿನ್ನುವುದು ಆ ಸೂಕ್ಷ್ಮಜೀವಿಗಳು, ಕುರಿ ಜೀರ್ಣಿಸಿಕೊಳ್ಳುವುದು ಆ ಜೀವಿಗಳನ್ನು. ಅವು ಬೆಳೆಯಲು ಮೇವಿನ ಒಣತೂಕದಲ್ಲಿ ನೂರಕ್ಕೆ ಏಳೆಂಟು ಪಾಲಾದರೂ ಪ್ರೋಟೀನ್ ಇರಬೇಕು. ಅದಕ್ಕಿಂತ ಕೆಳಗಿಳಿದರೆ ಜೀವಿಗಳು ಸೊರಗುತ್ತವೆ, ನಾರು ಕೊಳೆಯದೆ ನಿಲ್ಲುತ್ತದೆ, ನಿಂತದ್ದರಿಂದ ಮರಿ ಮತ್ತೆ ತಿನ್ನಲಾರದು. ಡೊಳ್ಳು ಹೊಟ್ಟೆ ಅದೇ.

ಇನ್ನು ನಮ್ಮ ಹುಲ್ಲಿನ ಸಂಗತಿ. ಮುಂಗಾರು ಹಿಡಿದು ಕಾವಲು ಎಂಬ ನಮ್ಮ ಹುಲ್ಲುಬಯಲು ಚಿಗುರಿದಾಗ ಎಳೆ ಹುಲ್ಲಿನಲ್ಲಿ ಎಂಟು ಹತ್ತು ಪಾಲು ಪ್ರೋಟೀನ್ ಸಿಗುತ್ತದೆ. ನೆಲಕ್ಕಂಟಿ ಹರಡುವ ದ್ವಿದಳ ಬಳ್ಳಿಗಳನ್ನು ಕುರಿ ಹುಡುಕಿ ಹುಡುಕಿ ಕಡಿಯುತ್ತದೆ, ಹಾಗಾಗಿ ಅದರ ಬಾಯಿಗೆ ಹೋದದ್ದು ಇನ್ನೂ ಚೆನ್ನಾಗಿರುತ್ತದೆ. ತೆನೆ ಹೊರಬಂದು ಹುಲ್ಲು ಒಣಗಿದ ಮೇಲೆ ಅದೇ ಹುಲ್ಲಿನಲ್ಲಿ ಮೂರು ನಾಲ್ಕು ಪಾಲು. ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ತಾಲ್ಲೂಕು ಇದು. ಹಸಿರು ಉಳಿಯುವುದು ಕೆಲವೇ ತಿಂಗಳು.

ಹನ್ನೆರಡು ಕಿಲೋ ತೂಗುವ, ಈಗಷ್ಟೇ ಹಾಲು ಬಿಟ್ಟ ಮರಿ ದಿನಕ್ಕೆ ಸುಮಾರು 420 ಗ್ರಾಂ ಒಣತೂಕದ ಮೇವು ತಿನ್ನಬಲ್ಲದು. ಅದು ದಿನಕ್ಕೆ ನೂರು ಗ್ರಾಂ ಮೈ ಕಟ್ಟಬೇಕಾದರೆ ಹೆಚ್ಚುಕಡಿಮೆ 70 ಗ್ರಾಂ ಪ್ರೋಟೀನ್ ಒಳಗೆ ಹೋಗಬೇಕು. ಒಣ ಹುಲ್ಲಷ್ಟನ್ನೇ ತಿಂದರೆ ಸಿಗುವುದು ಹದಿಮೂರರಿಂದ ಹದಿನೇಳು ಗ್ರಾಂ. ಬೇಸಿಗೆಯ ಮರಿ ಯಾಕೆ ನಿಂತಲ್ಲೇ ನಿಲ್ಲುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಹಾಲು ಬಿಟ್ಟ ಮರಿಗೆ ಎಷ್ಟು, ಯಾವ ಪ್ರೋಟೀನ್ ಬೇಕು ಎಂಬ ಪ್ರಶ್ನೆಯ ಮೇಲೆ ಜಗತ್ತಿನಲ್ಲಿ ಅತಿ ಹೆಚ್ಚು ಸಂಶೋಧನೆ ನಡೆದಿರುವ ಪ್ರಾಣಿಗಳಲ್ಲಿ ಹಂದಿಮರಿಯೂ ಒಂದು. ನಗಬೇಡಿ, ಅಲ್ಲಿಂದ ಕಲಿಯುವುದಿದೆ. ಈ ಜಿಲ್ಲೆಯಲ್ಲೂ ಹಂದಿಜೋಗಿ ಸಮುದಾಯದವರು ತಲೆಮಾರುಗಳಿಂದ ಹಂದಿ ಸಾಕಿದವರು. ಅವರ ಮರಿಗಳು ತಾಯಿ ಬಿಡಿಸಿದಾಗ ಬಿಡುತ್ತವೆ. ದೊಡ್ಡ ಹಂದಿ ಫಾರಂಗಳಲ್ಲಿ ಮರಿಯನ್ನು ಮೂರು ನಾಲ್ಕು ವಾರಕ್ಕೇ ತಾಯಿಯಿಂದ ಬೇರ್ಪಡಿಸುತ್ತಾರೆ. ಆಗ ಅದರ ಕರುಳಿನ ಒಳಗೋಡೆ ಕೆಲವೇ ದಿನಗಳಲ್ಲಿ ಸವೆಯುತ್ತದೆ. ಆ ಹೊತ್ತಿನಲ್ಲಿ ಸೋಯಾ ಹಿಂಡಿಯನ್ನು ಧಾರಾಳವಾಗಿ ತಿನ್ನಿಸಿದರೆ ಜೀರ್ಣವಾಗದ ಪ್ರೋಟೀನ್ ಹಿಂಗರುಳಿಗೆ ಹೋಗಿ ಕೊಳೆತು ಭೇದಿ ಶುರುವಾಗುತ್ತದೆ. ಅದನ್ನು ತಡೆಯಲು ಸತುವಿನ ಆಕ್ಸೈಡನ್ನು ಔಷಧಿಯ ಪ್ರಮಾಣದಲ್ಲಿ ಬೆರೆಸುತ್ತಿದ್ದರು. ಮಣ್ಣು ನೀರು ಕೆಡುತ್ತದೆಂದು, ಔಷಧಿಗೆ ಬಗ್ಗದ ರೋಗಾಣುಗಳು ಹೆಚ್ಚುತ್ತವೆಂದು ಯುರೋಪಿನ ಒಕ್ಕೂಟ 2022ರ ಜೂನ್‌ನಲ್ಲಿ ಅದನ್ನು ನಿಲ್ಲಿಸಿತು. ಈಗ ಅಲ್ಲಿ ಒಟ್ಟು ಪ್ರೋಟೀನನ್ನು ತಗ್ಗಿಸಿ, ಲೈಸಿನ್, ಮೆಥಿಯೋನಿನ್‌ನಂಥ ಅಮೈನೋ ಆಮ್ಲಗಳನ್ನು ಬಿಡಿಯಾಗಿ ಸೇರಿಸುತ್ತಾರೆ. ಒಂದೇ ಹೊಟ್ಟೆಯ ಪ್ರಾಣಿಗೆ ಯಾವ ಪ್ರೋಟೀನ್ ಎಂಬುದೇ ಮುಖ್ಯ. ನಮ್ಮ ಕುರಿಮರಿಗೆ ಮೊದಲು ಎಷ್ಟು, ಆಮೇಲೆ ಯಾವುದು. ಲೈಸಿನ್ ಕಮ್ಮಿಯಿರುವ ಶೇಂಗಾ ಹಿಂಡಿಯನ್ನು ಕೊಟ್ಟರೂ ರೂಮೆನ್ನಿನ ಜೀವಿಗಳು ಅದನ್ನು ಒಡೆದು ತಮ್ಮ ಮೈಯಾಗಿ ಮರಳಿ ಕಟ್ಟುತ್ತವೆ. ಬಡ ಮೇವನ್ನು ಒಳ್ಳೆಯ ಮಾಂಸ ಮಾಡುವ ಈ ವಿದ್ಯೆ ಹಂದಿಗೆ ಇಲ್ಲ, ನಮಗೂ ಇಲ್ಲ.

ಹಂದಿಮರಿಯ ವಿಷಯದಲ್ಲಿ ಒಂದು ಎಚ್ಚರಿಕೆ ಇದೆ, ಅದನ್ನು ಒತ್ತಿ ಹೇಳಬೇಕು. ಹಂದಿಮರಿಯ ಚೀಲದ ಆಹಾರಕ್ಕೆ ಬೆಳವಣಿಗೆ ಹೆಚ್ಚಲೆಂದು ತಾಮ್ರ ಸೇರಿಸುತ್ತಾರೆ. ಕಿಲೋ ಆಹಾರಕ್ಕೆ ನೂರು ಮಿಲಿಗ್ರಾಂ ಮೀರಿರುವುದೂ ಉಂಟು. ಕುರಿಗೆ ಇಪ್ಪತ್ತೈದು ದಾಟಿದರೇ ಅಪಾಯ. ಕುರಿಯ ಯಕೃತ್ತು ತಾಮ್ರವನ್ನು ಹೊರಹಾಕದೆ ಕೂಡಿಡುತ್ತದೆ. ವಾರಗಟ್ಟಲೆ ಏನೂ ಕಾಣುವುದಿಲ್ಲ. ಒಂದು ದಿನ ಕಣ್ಣು ಹಳದಿಯಾಗಿ, ಮೂತ್ರ ಕಂದುಗೆಂಪಾಗಿ ಮರಿ ಸಾಯುತ್ತದೆ. ಹಂದಿಯದಿರಲಿ, ಕೋಳಿಯದಿರಲಿ, ಅಗ್ಗಕ್ಕೆ ಸಿಕ್ಕಿತೆಂದು ಉಳಿಕೆ ಚೀಲ ತಂದು ಮರಿಗೆ ಸುರಿಯಬೇಡಿ. ಖನಿಜ ಮಿಶ್ರಣ ಕೊಳ್ಳುವಾಗಲೂ ಕುರಿಗೆಂದೇ ಮಾಡಿದ್ದನ್ನು ಕೇಳಿ. ಮಾಂಸ-ಮೂಳೆಯ ಪುಡಿಯಂತೂ ಮೆಲುಕು ಹಾಕುವ ಪ್ರಾಣಿಗೆ ಬೇಡವೇ ಬೇಡ. ಬ್ರಿಟನ್ನಿನಲ್ಲಿ 1986ರಲ್ಲಿ ಗುರುತಿಸಿದ ಹುಚ್ಚುಹಸು ರೋಗ ಹರಡಿದ್ದು ಆ ಪುಡಿಯಿಂದ. ಎರಡು ವರ್ಷದಲ್ಲಿ ಅಲ್ಲಿನ ಸರ್ಕಾರ ಅದನ್ನು ನಿಷೇಧಿಸಿತು.

ಹಾಗಾದರೆ ಏನು ಕೊಡಬೇಕು? ಇದಕ್ಕೆ ಉತ್ತರ ಹುಡುಕಲು ಚಳ್ಳಕೆರೆಯವರು ದೂರ ಹೋಗಬೇಕಾಗಿಲ್ಲ. ಎಣ್ಣೆ ಮಿಲ್ಲುಗಳಿಂದಾಗಿ ಎರಡನೇ ಬಾಂಬೆ ಎಂದು ಕರೆಸಿಕೊಂಡ ಊರು ಇದು. ಎಣ್ಣೆಗೆ ಹೆಸರು ಬಂತು, ಹಿಂಡಿಗೆ ಬರಲಿಲ್ಲ. ಆದರೆ ಪ್ರೋಟೀನ್ ಇರುವುದು ಹಿಂಡಿಯಲ್ಲಿ. ಮಿಲ್ಲಿನ ಶೇಂಗಾ ಹಿಂಡಿಯಲ್ಲಿ ನೂರಕ್ಕೆ ನಲವತ್ತರಿಂದ ನಲವತ್ತೈದು ಪಾಲು. ಸೂರ್ಯಕಾಂತಿ ಹಿಂಡಿಯಲ್ಲಿ ಮೂವತ್ತರ ಆಸುಪಾಸು. ಹುರುಳಿಯಲ್ಲಿ ಇಪ್ಪತ್ತೆರಡು. ಹತ್ತಿಬೀಜದ ಹಿಂಡಿಯಲ್ಲೂ ಪ್ರೋಟೀನ್ ಇದೆ, ಜೊತೆಗೆ ಗಾಸಿಪಾಲ್ ಎಂಬ ವಿಷವೂ ಇದೆ. ದೊಡ್ಡ ಕುರಿ ಅದನ್ನು ತಡೆದುಕೊಳ್ಳುತ್ತದೆ, ರೂಮೆನ್ ಇನ್ನೂ ಬಲಿಯದ ಮರಿ ತಡೆಯದು. ಹೊಂಗೆ ಹಿಂಡಿ ಗೊಬ್ಬರಕ್ಕೆ ಸರಿ.

ಒಂದು ಮಿಶ್ರಣ ಹೇಳುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ. ನುಚ್ಚು ಮಾಡಿದ ಮೆಕ್ಕೆಜೋಳ ನಲವತ್ತು ಕಿಲೋ, ಶೇಂಗಾ ಹಿಂಡಿ ಮೂವತ್ತು, ಗೋಧಿ ಬೂಸಾ ಇಪ್ಪತ್ತೇಳು, ಖನಿಜ ಮಿಶ್ರಣ ಎರಡು, ಉಪ್ಪು ಒಂದು. ಇದರಲ್ಲಿ ನೂರಕ್ಕೆ ಇಪ್ಪತ್ತು ಪಾಲು ಪ್ರೋಟೀನ್ ಬರುತ್ತದೆ. ಮೆಕ್ಕೆಜೋಳದ ಬದಲು ಬಿಳಿಜೋಳ ಆದರೂ ಆಗುತ್ತದೆ. ಇದನ್ನು ಹಾಲು ಬಿಡಿಸಿದ ಮೇಲೆ ಶುರುಮಾಡಬೇಡಿ. ಮರಿಗೆ ಮೂರು ವಾರ ತುಂಬುವ ಹೊತ್ತಿಗೆ, ತಾಯಿ ಕುರಿ ನುಗ್ಗಲಾಗದ, ಮರಿ ಮಾತ್ರ ತೂರಬಲ್ಲ ಒಂದು ಮೂಲೆಯನ್ನು ರೊಪ್ಪದಲ್ಲೇ ಕಟ್ಟಿ, ಒಂದು ಹಿಡಿ ಇಡಿ. ಮೊದಲು ಮೂಸುತ್ತದೆ, ಆಮೇಲೆ ನೆಕ್ಕುತ್ತದೆ. ಕಾಳು ರೂಮೆನ್ನಿನಲ್ಲಿ ಹುಳಿತಾಗ ಹುಟ್ಟುವ ಆಮ್ಲವೇ ಅದರ ಒಳಗೋಡೆಯ ಬೆಳವಣಿಗೆಗೆ ಕುಮ್ಮಕ್ಕು. ಹೀಗೆ ತಯಾರಾದ ಮರಿಗೆ ಮೂರು ತಿಂಗಳಿಗೆ ಹಾಲು ತಪ್ಪಿದರೂ ಪೆಟ್ಟು ಬೀಳುವುದಿಲ್ಲ. ಆಮೇಲೆ ನೂರು ಗ್ರಾಂನಿಂದ ಇನ್ನೂರು, ಇನ್ನೂರೈವತ್ತಕ್ಕೆ ಎರಡು ವಾರದಲ್ಲಿ ನಿಧಾನ ಏರಿಸಿ. ಈ ಮಿಶ್ರಣದ ಇನ್ನೂರು ಗ್ರಾಂ ಕೈತಿಂಡಿ ಎಂದರೆ ನಲವತ್ತು ಗ್ರಾಂ ಪ್ರೋಟೀನ್. ಉಳಿದದ್ದನ್ನು ಹಸಿರು ಮೇವು ತುಂಬಬೇಕು. ಒಂದೇ ಸಲ ಸುರಿದರೆ ಹೊಟ್ಟೆ ಹುಳಿಯಾಗುತ್ತದೆ, ಇಲ್ಲವೇ ಕರುಳುಬೇನೆಗೆ ದಾರಿಯಾಗುತ್ತದೆ. ಚೆನ್ನಾಗಿ ಬೆಳೆದ ಮರಿಯೇ ರಾತ್ರಿ ಬೆಳಗಾಗುವುದರೊಳಗೆ ಸಾಯುವುದು ಆ ಬೇನೆಯ ಲಕ್ಷಣ, ಆದ್ದರಿಂದ ಕೈತಿಂಡಿ ಹೆಚ್ಚಿಸುವ ಮೊದಲೇ ಇಟಿ ಲಸಿಕೆ ಹಾಕಿಸಿ. ಯೂರಿಯಾ ಬೆರೆಸಿದ ಮೇವು ಮರಿಗೆ ಬೇಡ.

ಕಾಸಿನ ಮಾತೂ ಬೇಕಲ್ಲ. ನಮ್ಮಲ್ಲಿ ಟಗರು ಮರಿಯನ್ನು ಮೂರು ನಾಲ್ಕು ತಿಂಗಳಿಗೇ ಸಂತೆಯಲ್ಲಿ ವ್ಯಾಪಾರಿಗೆ ಬಿಡುವವರೇ ಹೆಚ್ಚು. ಅವನು ಮರಿಯ ಬೆನ್ನು ಹಿಡಿದು, ಸೊಂಟ ಒತ್ತಿ ಬೆಲೆ ಕಟ್ಟುತ್ತಾನೆ. ಆಮೇಲೆ ಬಕ್ರೀದಿನವರೆಗೆ ಸಾಕಿ ಲಾಭ ತೆಗೆಯುವವನು ಅವನೇ. ಬೆನ್ನಿನ ಮೂಳೆ ಕೈಗೆ ಸಿಗುವ ಮರಿಯನ್ನು ಮಾರುವವರು ಅದರ ಮುಂದಿನ ಬೆಳವಣಿಗೆಯನ್ನೂ ಜೊತೆಗೇ ಮಾರುತ್ತಾರೆ. ಹಾಲು ಬಿಡುವ ಮುಂಚಿನ ಎರಡು ವಾರ ಮತ್ತು ಆಮೇಲಿನ ಒಂದು ತಿಂಗಳು ಹಾಕಿದ ಹಿಂಡಿಯಷ್ಟು ವಾಪಸು ಕೊಡುವ ಖರ್ಚು ಕುರಿ ಸಾಕಣೆಯಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ವರ್ಷವಿಡೀ ಎಲ್ಲ ಕುರಿಗೂ ತೆಳ್ಳಗೆ ಹಂಚುವುದಕ್ಕಿಂತ ಈ ಆರು ವಾರಕ್ಕೆ ಕೂಡಿಸಿಡಿ.

ಹಿಂಡಿಗೆ ಒಂದು ಕಂಟಕವಿದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತ ಹೋದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ, ಅದರ ಮೇಲಿನ ಬೂಷ್ಟು, ಆ ಬೂಷ್ಟು ಸುರಿಸಿದ ವಿಷ. ಅಫ್ಲಾಟಾಕ್ಸಿನ್ ಎಂಬ ಹೆಸರು ಜಗತ್ತಿಗೆ ಗೊತ್ತಾದದ್ದು ಹಾಗೆ. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟು ನೆಲ ಕಾದಾಗ ಮಣ್ಣಿನಲ್ಲೇ ಈ ಬೂಷ್ಟು ಕಾಯೊಳಕ್ಕೆ ಇಳಿಯುತ್ತದೆ. ಚಳ್ಳಕೆರೆಯ ಶೇಂಗಾಕ್ಕೆ ಆಗಾಗ ಬರುವ ಗತಿ ಇದೇ. ಕುದಿಸಿದರೆ ಹೋಗದು, ಕಣ್ಣಿಗೆ ಕಾಣದಿರುವುದೂ ಉಂಟು. ಹಾಲು ಬಿಟ್ಟ ಹಂದಿಮರಿಗೆ ಇದು ಬೇಗ ತಗಲುತ್ತದೆ. ಕುರಿ ಒಂದಿಷ್ಟು ತಡೆಯುತ್ತದೆ, ಮರಿ ಅಷ್ಟು ತಡೆಯದು. ಬೂಷ್ಟು ಹಿಡಿದು ತಿರಸ್ಕಾರವಾದ ಕಾಯಿ ಗಾಣಕ್ಕೆ ಹೋಗಿ ಅಗ್ಗದ ಹಿಂಡಿಯಾಗಿ ಹಟ್ಟಿಗೆ ಬರುವುದನ್ನು ಮಾತ್ರ ತಡೆಯಿರಿ. ಹಿಂಡಿಯನ್ನು ಮಳೆಗಾಲಕ್ಕೆಂದು ಮೂಟೆಗಟ್ಟಲೆ ಕೂಡಿಡಬೇಡಿ.

ಜಂತುಹುಳುವಿನ ಮಾತಿಗೆ ಬರುತ್ತೇನೆಂದಿದ್ದೆ. ಕುರಿಯ ನಾಲ್ಕನೆಯ ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಹೆಮಾಂಕಸ್ ಎಂಬ ಹುಳು ಒಂದು ದಿನಕ್ಕೆ ಕುಡಿಯುವುದು ಒಂದು ಮಿಲಿಲೀಟರಿನ ಇಪ್ಪತ್ತನೆಯ ಒಂದು ಭಾಗ. ಸಾವಿರ ಹುಳುವಿದ್ದರೆ ಐವತ್ತು ಮಿಲಿಲೀಟರ್. ರಕ್ತವೆಂದರೆ ಪ್ರೋಟೀನ್. ನೀವು ಹಿಂಡಿ ಹಾಕಿದ್ದು ಹುಳುವಿಗೆ ಸಂದಾಯವಾಗುತ್ತದೆ. ಹಾಗೆಂದು ಬರೀ ಔಷಧಿಯಿಂದಲೂ ಆಗದು. ಪ್ರೋಟೀನ್ ಸಾಕಷ್ಟು ಸಿಕ್ಕ ಮರಿಯೇ ಹುಳುವನ್ನು ತಡೆಯುವ ಶಕ್ತಿ ಕಟ್ಟಿಕೊಳ್ಳುವುದು. ಎರಡೂ ಜೊತೆಗೆ ನಡೆಯಬೇಕು.

ಇಲ್ಲಿಯವರೆಗೆ ಹೇಳಿದ್ದು ಕೊಂಡು ತರುವ ಪ್ರೋಟೀನ್. ಕೊಳ್ಳದೆ ಸಿಗುತ್ತಿದ್ದ ಪ್ರೋಟೀನ್ ಎಲ್ಲಿ ಹೋಯಿತು ಎಂದು ಕೇಳದಿದ್ದರೆ ನಾನು ಹಿಂಡಿ ಅಂಗಡಿಯವನ ಪರವಾಗಿ ಮಾತಾಡಿದಂತಾಗುತ್ತದೆ.

ಮೈಸೂರಿನ ಅರಸರ ಕಾಲದಲ್ಲಿ, ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯಿಂದ ಹಿಡಿದು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ ಟಿಪ್ಪುವಿನವರೆಗೆ, ಸೈನ್ಯದ ಎತ್ತುಗಳಿಗಾಗಿ ಕಾವಲುಗಳನ್ನು ಮೀಸಲಿಟ್ಟರು. ಮಳೆಗಾಲದ ಕಾವಲು ಬೇರೆ, ಚಳಿಗಾಲದ್ದು ಬೇರೆ, ಬೇಸಿಗೆಯದು ಬೇರೆ. ಇಂದಿನ ಪಶುವಿಜ್ಞಾನದ ಕಣ್ಣಿನಿಂದ ನೋಡಿದರೆ ಅದೊಂದು ಪ್ರೋಟೀನ್ ಪಂಚಾಂಗ. ಹುಲ್ಲು ಯಾವಾಗ ಎಲ್ಲಿ ಎಳೆಯದಾಗಿರುತ್ತದೋ ಅಲ್ಲಿಗೆ ದನವನ್ನು ಒಯ್ಯುವುದು, ಉಳಿದ ನೆಲಕ್ಕೆ ಬಿಡುವು ಕೊಡುವುದು. ಮ್ಯಾಸಬೇಡರ ದೇವರ ಎತ್ತುಗಳು, ಅವುಗಳ ಹಿಂದೆ ಕಿಲಾರಿಗಳು, ಕಾಡುಗೊಲ್ಲರ ಮತ್ತು ಕುರುಬರ ಕುರಿ ಮಂದೆಗಳು ಆ ಪಂಚಾಂಗದಲ್ಲೇ ತಮ್ಮ ಜಾಗ ಕಂಡುಕೊಂಡಿದ್ದವು. ಚಳ್ಳಕೆರೆಯ ಕಂಬಳಿ ಹುಟ್ಟಿದ್ದೂ ಈ ಹುಲ್ಲಿನಿಂದಲೇ. ಉಣ್ಣೆ ಶುದ್ಧ ಪ್ರೋಟೀನ್ ಎಂಬುದನ್ನು ಇಲ್ಲಿ ಸುಮ್ಮನೆ ಜ್ಞಾಪಿಸುತ್ತೇನೆ.

ಈ ಶತಮಾನದ ಮೊದಲ ದಶಕದ ಕೊನೆಯ ವರ್ಷಗಳಿಂದ ಈ ಕಾವಲುಗಳ ಭೂಮಿ ಬೇರೆ ಕೈಗಳಿಗೆ ಹೋಯಿತು. ವರವು ಕಾವಲು, ಕುದಾಪುರದ ಕಡೆ ಡಿಆರ್‌ಡಿಓಗೆ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573, ಉಳ್ಳಾರ್ತಿ ಕಾವಲು ಮತ್ತು ಕುದಾಪುರದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810. ಗೋಡೆ ಎದ್ದಿತು. ದೊಡ್ಡಉಳ್ಳಾರ್ತಿಯ ಕಡೆಯವರು ಬೀದಿಗಿಳಿದರು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಗಿ 2014ರ ಆಗಸ್ಟ್‌ನಲ್ಲಿ ತೀರ್ಪು ಬಂತು. ಯೋಜನೆಗಳು ಮುಂದುವರಿದವು. 2017ರ ಮೇ 28ರಂದು ಡಿಆರ್‌ಡಿಓದ ವಿಮಾನ ಪರೀಕ್ಷಾ ವಲಯದ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ ಉಡಾವಣಾ ವಾಹನ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಹೆಲಿಕಾಪ್ಟರಿನಿಂದ ಬಿಡಿಸಿಕೊಂಡು ಅಲ್ಲಿನ ಓಡುದಾರಿಗೆ ತಾನೇ ಇಳಿಯಿತು. ಅದನ್ನು ನೋಡಿ ಹೆಮ್ಮೆ ಪಟ್ಟವರಲ್ಲಿ ನಾನೂ ಒಬ್ಬ. ಆ ಹೆಮ್ಮೆಯ ಖರ್ಚಿನ ಒಂದು ಬಾಬ್ತು ಕುರಿಗಾಹಿಯ ಪುಸ್ತಕದಲ್ಲಿ ಬರೆಯಲ್ಪಟ್ಟಿದೆ, ದೇಶದ ಪುಸ್ತಕದಲ್ಲಿ ಅಲ್ಲ. ನನ್ನ ತಕರಾರು ಅಷ್ಟೇ.

ಆ ಬಾಬ್ತು ಎಷ್ಟೆಂದು ಅಂದಾಜು ಮಾಡೋಣ, ಡಿಆರ್‌ಡಿಓದ ಭೂಮಿಯೊಂದನ್ನೇ ಹಿಡಿದು. 4,290 ಎಕರೆ ಎಂದರೆ ಸುಮಾರು 1,736 ಹೆಕ್ಟೇರ್. ಇಂಥ ನೆಲದಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಒಂದು ಟನ್ ಒಣ ಹುಲ್ಲು ಎಂದು ಬಿಗಿಹಿಡಿದೇ ಲೆಕ್ಕ ಹಾಕುತ್ತೇನೆ. ಅರ್ಧ ನೆಲಕ್ಕೇ ಉಳಿಯಲಿ. ಮಿಕ್ಕ 868 ಟನ್ನಿನಲ್ಲಿ ಸರಾಸರಿ ನೂರಕ್ಕೆ ಆರರಂತೆ 52 ಟನ್ ಪ್ರೋಟೀನ್. ಅಷ್ಟನ್ನು ಶೇಂಗಾ ಹಿಂಡಿಯ ರೂಪದಲ್ಲಿ ಕೊಳ್ಳಬೇಕೆಂದರೆ 124 ಟನ್. ಕಿಲೋಗೆ 40 ರೂಪಾಯಿ ಹಿಡಿದರೂ ಹತ್ತಿರ ಹತ್ತಿರ 50 ಲಕ್ಷ, ಅದೂ ವರ್ಷ ವರ್ಷ. ಹುಲ್ಲಿನ ಪ್ರೋಟೀನ್ ಹಿಂಡಿಯದರಷ್ಟು ಜೀರ್ಣವಾಗದು ಎಂದು ಯಾರಾದರೂ ಎದ್ದು ನಿಂತರೆ ಒಪ್ಪುತ್ತೇನೆ, ಮೂರನೆಯ ಒಂದು ಪಾಲು ಕಳೆದುಕೊಳ್ಳಲಿ. ಆದರೂ ದೊಡ್ಡ ಮೊತ್ತವೇ. ಜೊತೆಗೆ 1990ರ ದಶಕದಲ್ಲಿ ತಾಳೆಎಣ್ಣೆಯ ಆಮದು ಸಡಿಲವಾದ ಮೇಲೆ ನಮ್ಮ ಮಿಲ್ಲುಗಳು ಒಂದೊಂದಾಗಿ ಸದ್ದಡಗಿದವು. ಮಿಲ್ಲು ನಿಂತರೆ ಹಿಂಡಿಯೂ ನಿಂತಿತು. ಹುಲ್ಲು ಗೋಡೆಯ ಒಳಗೆ, ಹಿಂಡಿ ಲಾರಿಯಲ್ಲಿ ಹೊರಗಿನಿಂದ. ನಡುವೆ ಮೂರು ತಿಂಗಳ ಮರಿ.

ಹೊಲದ ಬದುವಿನಲ್ಲಿ ಅಗಸೆ ಮರ ಹಾಕಿ, ಅದರ ಸೊಪ್ಪಿನಲ್ಲಿ ನೂರಕ್ಕೆ ಇಪ್ಪತ್ತು ಮೀರಿ ಪ್ರೋಟೀನ್ ಇದೆ. ನೀರಿದ್ದವರು ಕುದುರೆ ಮೆಂತ್ಯ ಬೆಳೆಯಿರಿ. ಶೇಂಗಾ ಕಿತ್ತ ಮೇಲೆ ಬಳ್ಳಿಯನ್ನು ಬಿಸಿಲಿಗೆ ಬಿಟ್ಟು ಎಲೆ ಉದುರಿಸಿಕೊಳ್ಳದೆ ನೆರಳಿನಲ್ಲಿ ಒಟ್ಟಿ, ಅದರಲ್ಲಿ ಹತ್ತು ಪಾಲು ಉಳಿಯುತ್ತದೆ. ಬಳ್ಳಾರಿ ಜಾಲಿಯ ಕಾಯನ್ನು ಇಡಿಯಾಗಿ ಹಾಕಿದರೆ ಬೀಜ ಹಿಕ್ಕೆಯಲ್ಲಿ ಹೊರಬಂದು ಮುಳ್ಳುಕಾಡು ಹಬ್ಬುತ್ತದೆ. ಅರೆದು ಹಾಕಿ. ಇವೆಲ್ಲ ನಮ್ಮ ಕೈಯಲ್ಲಿರುವ ಕೆಲಸ.

ನಮ್ಮ ಕೈಯಲ್ಲಿಲ್ಲದ್ದು ಒಂದಿದೆ, ಅದನ್ನು ಈ ವೇದಿಕೆಯಿಂದ ಕೇಳಿಯೇ ಇಳಿಯುತ್ತೇನೆ. ಗೋಡೆಯೊಳಗಿನ ನೆಲವೆಲ್ಲ ಕಟ್ಟಡವಾಗಿಲ್ಲ, ಓಡುದಾರಿಯಾಗಿಲ್ಲ. ಹುಲ್ಲು ಬೆಳೆದು, ಒಣಗಿ, ಬೇಸಿಗೆಗೆ ಬೆಂಕಿಯ ಭಯವಾಗಿ ನಿಲ್ಲುತ್ತದೆ. ಕುರಿಯನ್ನು ಒಳಗೆ ಬಿಡಿ ಎಂದು ನಾನು ಕೇಳುತ್ತಿಲ್ಲ, ಭದ್ರತೆಯ ಮಾತು ನನಗೂ ಅರ್ಥವಾಗುತ್ತದೆ. ಹೂ ಬರುವ ಹೊತ್ತಿಗೆ, ಅಂದರೆ ಪ್ರೋಟೀನ್ ಇನ್ನೂ ಎಲೆ ಕಾಂಡದಲ್ಲಿರುವಾಗ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಕುಯ್ದು ಹೊರಗೆ ಕೊಡಲಿ. ಗುರುತುಚೀಟಿ ಇದ್ದವರ ಕೈಯಲ್ಲೇ ಕುಯ್ಯಿಸಲಿ, ಸುತ್ತಲ ಹಳ್ಳಿಗಳ ಕುರಿ ಸಾಕಣೆದಾರರ ಸಹಕಾರ ಸಂಘಗಳ ಮೂಲಕ ಹಂಚಲಿ, ಗೇಟಿನ ಹತ್ತಿರವೇ ತೂಕ ಹಾಕಲಿ. ಜನವರಿಯಲ್ಲಿ ಕುಯ್ದರೆ ಅದು ಹುಲ್ಲಲ್ಲ, ಕಡ್ಡಿ. ಅರ್ಜಿಯ ಕರಡು ನನ್ನ ಬಳಿ ಇದೆ. ಸಭೆ ಮುಗಿದ ಮೇಲೆ ಇಲ್ಲೇ ಮೇಜಿನ ಮೇಲಿಟ್ಟಿರುತ್ತೇನೆ, ಸಹಿ ಹಾಕುವವರು ತಮ್ಮ ಹಟ್ಟಿಯ ಹೆಸರು ಮತ್ತು ಹಾಲು ಬಿಟ್ಟ ಮರಿಗಳ ಸಂಖ್ಯೆಯನ್ನೂ ಬರೆಯಬೇಕು. ಎಷ್ಟು ಟನ್ ಕೇಳಬೇಕೆಂದು ಅದರಿಂದಲೇ ತಿಳಿಯುವುದು.